ಚಳಿಗಾಲದಲ್ಲಿ ಸವಾರಿ ಕುದುರೆಯ ಮೈಗೂದಲು: ಪದೇ ಪದೇ ಕೇಳುವ ಪ್ರಶ್ನೆಗಳು

ಇಂಗ್ಲೆಂಡಿನ ಲೀಡ್ಸ್ ಪಕ್ಕದ ಒಂದು ಯಾರ್ಡಿನಲ್ಲಿ, ಅಂದರೆ ಹಲವರ ಕುದುರೆಗಳ ಲಾಯಗಳಿರುವ ಜಾಗದಲ್ಲಿ, ನನ್ನ ಕುದುರೆ ಇದೆ. ಹೆಣ್ಣು ಕುದುರೆ, ಕಾಬ್ ಎಂಬ ದಪ್ಪ ಮೈಯ ಗಟ್ಟಿಮುಟ್ಟು ಜಾತಿ, 14 ವರ್ಷ. ಮೈಬಣ್ಣ ಅಚ್ಚುಬೆಲ್ಲದ್ದು, ಹಾಗಾಗಿ ಹೆಸರು ಬೆಲ್ಲ. ಯಾರ್ಡಿನ ಇಂಗ್ಲಿಷ್ ಹುಡುಗಿಯರು ಅದನ್ನು 'ಬೆಲ್ಲಾ' ಎಂಬ ತಮ್ಮ ಕಡೆಯ ಹೆಸರು ಅಂದುಕೊಂಡಿದ್ದಾರೆ. ನಾನೂ ತಿದ್ದಲು ಹೋಗಿಲ್ಲ.

ಈಚೆಗೆ ಈ ಕಡೆ ನಮ್ಮವರ ಮಕ್ಕಳು ಸವಾರಿ ಕಲಿಯುತ್ತಿದ್ದಾರೆ, ಒಂದೆರಡು ಮನೆಯವರು ಕುದುರೆಯನ್ನೇ ಕೊಂಡಿದ್ದಾರೆ. ಅಕ್ಟೋಬರ್ ಬಂತೆಂದರೆ ಫೋನು ಶುರು. 'ಅಕ್ಕಾ, ರಗ್ ಹಾಕಬೇಕಾ?' 'ಅಕ್ಕಾ, ಕೂದಲು ಕತ್ತರಿಸಬೇಕಂತೆ, ಚಳಿ ಆಗಲ್ವಾ?' ರಗ್ ಎಂದರೆ ಕುದುರೆಯ ಮೈಗೆ ಬಕಲ್ ಹಾಕಿ ಕಟ್ಟುವ ಹೊದಿಕೆ. ಒಬ್ಬೊಬ್ಬರಿಗೆ ಹೇಳಿದ್ದನ್ನು ಇಲ್ಲಿ ಒಂದು ಕಡೆ ಬರೆದಿದ್ದೇನೆ. ನಮ್ಮ ಕಡೆಯ ಚಳಿ ಎಂದರೆ 2ರಿಂದ 7 ಡಿಗ್ರಿ, ಜೊತೆಗೆ ಮಳೆ, ಗಾಳಿ, ಮೊಣಕಾಲುದ್ದ ಕೆಸರು. ಕೆನಡಾದ ಮೈನಸ್ 20ರಲ್ಲಿ ಇರುವವರು ಅಂಕಿಗಳನ್ನು ತಮ್ಮ ಊರಿಗೆ ಹೊಂದಿಸಿಕೊಳ್ಳಬೇಕು.

ಇನ್ನೂ ಸೆಪ್ಟೆಂಬರ್, ಚಳಿಯೇ ಬಂದಿಲ್ಲ. ಆಗಲೇ ಕೂದಲು ದಪ್ಪವಾಗುತ್ತಿದೆಯಲ್ಲ, ಯಾಕೆ?

ಕೂದಲು ಚಳಿ ನೋಡಿ ಬೆಳೆಯುವುದಿಲ್ಲ, ಬೆಳಕು ನೋಡಿ ಬೆಳೆಯುತ್ತದೆ. ಜೂನ್ 21 ಕಳೆದ ಮೇಲೆ ಹಗಲು ದಿನಕ್ಕಿಷ್ಟು ಅಂತ ಕುಗ್ಗುತ್ತಾ ಬರುತ್ತದೆ. ಕಣ್ಣಿಗೆ ಬೀಳುವ ಬೆಳಕು ಕಡಿಮೆಯಾದಂತೆ ಮೈಯಲ್ಲಿ ಮೆಲಟೋನಿನ್ ಎಂಬ ಹಾರ್ಮೋನು ಒಸರುವ ಹೊತ್ತು ಉದ್ದವಾಗುತ್ತದೆ, ಪ್ರೊಲ್ಯಾಕ್ಟಿನ್ ಎಂಬ ಇನ್ನೊಂದು ಹಾರ್ಮೋನು ಇಳಿಯುತ್ತದೆ. ಕೂದಲಿನ ಬುಡಕ್ಕೆ ಅಷ್ಟು ಸೂಚನೆ ಸಾಕು. ನಾವು ಟೀ ಶರ್ಟಿನಲ್ಲಿ ಓಡಾಡುವ ಆಗಸ್ಟ್ ಕೊನೆಯಲ್ಲೇ ಬೇಸಿಗೆ ಕೂದಲು ಉದುರಿ ಹೊಸದು ಬರುತ್ತಿರುತ್ತದೆ. ಡಿಸೆಂಬರ್ 21ರ ನಂತರ ಇದೆಲ್ಲ ಉಲ್ಟಾ. ಹೊರಗೆ ಹಿಮ ಬೀಳುತ್ತಿದ್ದರೂ ಮೈಯೊಳಗೆ ಬೇಸಿಗೆಯ ಲೆಕ್ಕ ಶುರುವಾಗಿರುತ್ತದೆ.

ನಮ್ಮೂರ ಕುದುರೆಗಳಿಗೆ ಇಷ್ಟು ಕೂದಲು ಯಾಕೆ ಬರುವುದಿಲ್ಲ ಎನ್ನುವುದಕ್ಕೂ ಇಲ್ಲೇ ಉತ್ತರ ಇದೆ. ಬೆಂಗಳೂರಿನ ಅತಿ ಉದ್ದದ ಹಗಲಿಗೂ ಅತಿ ಚಿಕ್ಕ ಹಗಲಿಗೂ ಇರುವ ಅಂತರ ಸುಮಾರು ಒಂದೂವರೆ ಗಂಟೆ. ಲೀಡ್ಸ್‌ನಲ್ಲಿ ಅದು 9 ಗಂಟೆಗೂ ಜಾಸ್ತಿ. ಚಳಿಯ ಪಾಲೂ ಸ್ವಲ್ಪ ಇದೆ, ತಳಿಯ ಪಾಲೂ ಇದೆ. ರೇಸಿಗೆ ಓಡುವ ಥರೋಬ್ರೆಡ್, ಅರಬ್ಬಿ ಕುದುರೆಗಳದ್ದು ತೆಳು ಕೂದಲು. ಶೆಟ್ಲೆಂಡ್, ಎಕ್ಸ್‌ಮೂರ್ ಪೋನಿಗಳಿಗೆ ಒಳಗೊಂದು ಹೊರಗೊಂದು ಎರಡು ಪದರ. ಒಳಗಿನದು ಉಣ್ಣೆ, ಹೊರಗಿನದು ಛತ್ರಿ.

ಕೂದಲು ಬೆಳೆಯದ ಹಾಗೆ ಮಾಡೋಕಾಗಲ್ವಾ? ಬೇಗ ರಗ್ ಹಾಕಿದರೆ ಸಾಕಂತೆ?

ರಗ್ ಹಾಕಿದರೆ ಕೂದಲು ಚಪ್ಪಟೆಯಾಗಿ ಮಲಗುತ್ತದೆ, ನೋಡಲು ನಯವಾಗಿ ಕಾಣಿಸುತ್ತದೆ. ಬೆಳೆಯುವುದು ನಿಲ್ಲುವುದಿಲ್ಲ. ನಿಜಕ್ಕೂ ತಡೆಯಬೇಕೆಂದರೆ ಬೆಳಕನ್ನೇ ಬದಲಾಯಿಸಬೇಕು. ಲಾಯದಲ್ಲಿ ದೀಪ ಉರಿಸಿ ದಿನಕ್ಕೆ 16 ಗಂಟೆ ಹಗಲು ಮಾಡುತ್ತಾರೆ. ತಳಿ ಸಾಕುವವರು ಹೆಣ್ಣು ಕುದುರೆಗಳು ಬೇಗ ಬೆದೆಗೆ ಬರಲಿ ಅಂತ ಇದೇ ಉಪಾಯ ಮಾಡುತ್ತಾರೆ. ಶನಿವಾರ ಭಾನುವಾರ ಸವಾರಿ ಮಾಡುವ ನಮಗೆ ಈ ಉಸಾಬರಿ ಯಾಕೆ?

ಈ ಕೂದಲು ನಿಜವಾಗಿ ಎಷ್ಟು ಚಳಿ ತಡೆಯುತ್ತದೆ?

ನೀವು ನಂಬುವುದಕ್ಕಿಂತ ಜಾಸ್ತಿ. ಚಳಿಗೆ ಒಗ್ಗಿದ, ಪೂರ್ತಿ ಕೂದಲು ಬಂದ, ಮೈ ಒಣಗಿರುವ ಕುದುರೆ ಸುಮಾರು ಮೈನಸ್ 15ರವರೆಗೂ ಮೈ ಬೆಚ್ಚಗಿಟ್ಟುಕೊಳ್ಳಲು ಹೆಚ್ಚಿನ ಶಕ್ತಿ ಖರ್ಚು ಮಾಡಬೇಕಾಗಿಲ್ಲ. ಬೇಸಿಗೆ ಕೂದಲಿನ ಕುದುರೆಗೆ ಆ ಗಡಿ 5 ಡಿಗ್ರಿಯ ಹತ್ತಿರ. ಅಂದರೆ ನಮಗೆ ಸ್ವೆಟರ್ ಬೇಕೆನಿಸುವ 12 ಡಿಗ್ರಿ ಕುದುರೆಗೆ ಹಾಯಾದ ಹವೆ.

ಗುಟ್ಟು ಕೂದಲಿನಲ್ಲಿಲ್ಲ, ಕೂದಲುಗಳ ನಡುವೆ ಸಿಕ್ಕಿಕೊಂಡ ಗಾಳಿಯಲ್ಲಿದೆ. ಹತ್ತಿ ಹಾಸಿಗೆಯನ್ನು ಬಿಸಿಲಿಗೆ ಹಾಕಿದರೆ ಉಬ್ಬುತ್ತದಲ್ಲ, ಹಾಗೆ ಚಳಿಯಾದಾಗ ಒಂದೊಂದು ಕೂದಲೂ ಎದ್ದು ನಿಂತು ಗಾಳಿಯ ಪದರ ದಪ್ಪವಾಗುತ್ತದೆ. ಹಿಮ ಬಿದ್ದ ಬೆಳಿಗ್ಗೆ ಬೆಲ್ಲದ ಬೆನ್ನ ಮೇಲೆ ಎರಡು ಬೆರಳು ದಪ್ಪ ಹಿಮ ಹಾಗೇ ಕೂತಿರುತ್ತದೆ, ಕರಗಿರುವುದಿಲ್ಲ. ಮೊದಲ ವರ್ಷ ನೋಡಿ 'ಅಯ್ಯೋ ಪಾಪ' ಅಂದಿದ್ದೆ. ಹಿಮ ಕರಗಿಲ್ಲ ಎಂದರೆ ಒಳಗಿನ ಬಿಸಿ ಹೊರಗೆ ಬರುತ್ತಿಲ್ಲ ಅಂತ ಅರ್ಥ. ಹಿಮದ ಕೆಳಗೆ ಬೆರಳು ತೂರಿಸಿದರೆ ಚರ್ಮ ರೊಟ್ಟಿ ಮುಚ್ಚಿಟ್ಟ ಬಟ್ಟೆಯ ಹಾಗೆ ಬೆಚ್ಚಗಿತ್ತು.

ಇದನ್ನು ಕೆಡಿಸುವುದು ಒದ್ದೆ. ತುಂತುರು ಮಳೆಯನ್ನು ಕೂದಲಿನ ಜಿಡ್ಡು ತಡೆಯುತ್ತದೆ. ಮಲೆನಾಡಿನಲ್ಲಿ ಕಂಬಳಿ ಕೊಪ್ಪೆ ಹಾಕಿಕೊಂಡವರ ಮೈಗೆ ನೀರು ಇಳಿಯದ ಹಾಗೆ. ಆದರೆ ಗಂಟೆಗಟ್ಟಲೆ ಹೊಡೆದ ಮಳೆ ಬುಡದವರೆಗೆ ಇಳಿದರೆ ಕೂದಲು ಮಲಗಿಬಿಡುತ್ತದೆ, ಗಾಳಿಯ ಪದರ ಹೋಗುತ್ತದೆ. ಅದಕ್ಕೇ 4 ಡಿಗ್ರಿಯ ಮಳೆಗಾಳಿ ಮೈನಸ್ 5ರ ಒಣ ಚಳಿಗಿಂತ ಕೆಟ್ಟದ್ದು. ಬೆವರು ಕೂಡ ಒದ್ದೆಯೇ. ಈ ಪುಟದ ಅರ್ಧ ಉತ್ತರಗಳು ಸುತ್ತಿ ಸುತ್ತಿ ಇಲ್ಲಿಗೇ ಬರುತ್ತವೆ.

ಹಾಗಾದರೆ ರಗ್ ಹಾಕಬೇಕಾ, ಬೇಡವಾ?

ಆರೋಗ್ಯವಾಗಿರುವ, ಕೂದಲು ಕತ್ತರಿಸದ, ನಿಲ್ಲಲು ಮರೆಯೋ ಮಾಡೋ ಇರುವ, ಹೊಟ್ಟೆ ತುಂಬ ಹುಲ್ಲು ಸಿಗುವ ಕುದುರೆಗೆ ಬೇಡ. ಬೇಕಾಗುವುದು ಯಾರಿಗೆ? ಕೂದಲು ಕತ್ತರಿಸಿದ ಕುದುರೆಗೆ. ವಯಸ್ಸಾಗಿ ಮೈ ಇಳಿದ ಕುದುರೆಗೆ. ಕಾಯಿಲೆಯಿಂದ ಏಳುತ್ತಿರುವುದಕ್ಕೆ. ತೆಳು ಚರ್ಮದ ಥರೋಬ್ರೆಡ್‌ಗೆ, ಅದೂ ಬಯಲಲ್ಲಿ ಮಳೆಗೆ ನಿಂತಿದ್ದರೆ.

ಬೆಲ್ಲದಂಥ ದಪ್ಪ ಕಾಬ್‌ಗೆ, ಗುಂಡುಗುಂಡಾದ ಪೋನಿಗೆ ಸುಮ್ನೆ ರಗ್ ಹಾಕಿದರೆ ಇನ್ನೊಂದು ತೊಂದರೆ ಇದೆ. ಈ ಜಾತಿಗಳು ಬೇಸಿಗೆಯಲ್ಲಿ ಮೇದು ಕೊಬ್ಬಿ, ಚಳಿಗಾಲದಲ್ಲಿ ಅದನ್ನು ಕರಗಿಸಿಕೊಂಡು ಬದುಕಿದವು. ನಾವು ಬೆಚ್ಚಗೆ ಹೊದಿಸಿದರೆ ಕೊಬ್ಬು ಕರಗುವುದಿಲ್ಲ. ವಸಂತದಲ್ಲಿ ಸಕ್ಕರೆ ತುಂಬಿದ ಹಸಿ ಹುಲ್ಲು ಬಂದಾಗ ಅದರ ಮೇಲೆ ಮತ್ತಷ್ಟು ಸೇರುತ್ತದೆ. ಆಮೇಲೆ ಬರುವುದೇ ಲ್ಯಾಮಿನೈಟಿಸ್. ಗೊರಸಿನೊಳಗೆ ಉರಿಯೂತವಾಗಿ ಕುದುರೆ ಕಾಲೂರಲು ಆಗದೆ ಒದ್ದಾಡುವ ಕಾಯಿಲೆ ಅದು. ಪಾಪ ಅಂತ ಹೊದಿಸಿದ್ದು ಪಾಪಕ್ಕೇ ದಾರಿಯಾಗುತ್ತದೆ.

200 ಗ್ರಾಂ, 600 ಡೆನಿಯರ್ ಅಂತ ಬರೆದಿರುತ್ತಾರಲ್ಲ, ಏನದು?

ಗ್ರಾಂ ಎಂದರೆ ಒಳಗೆ ತುಂಬಿದ ಪಾಲಿಯೆಸ್ಟರ್, ಒಂದು ಚದರ ಮೀಟರಿಗೆ ಇಷ್ಟು ಅಂತ. ಬೆಚ್ಚಗಿನ ಲೆಕ್ಕ ಇದು. 0 ಗ್ರಾಂ ಎಂದರೆ ಬರೀ ರೇನ್‌ಕೋಟು. 100 ಹಗುರ, 200 ನಡುವಿನದು, 300ರ ಮೇಲೆ ಭಾರಿ. ಡೆನಿಯರ್ ಎಂದರೆ ಹೊರಬಟ್ಟೆಯ ನೂಲಿನ ದಪ್ಪ. ಗಟ್ಟಿತನದ ಲೆಕ್ಕ, ಬಿಸಿಯದ್ದಲ್ಲ. ಪಕ್ಕದ ಕುದುರೆ ಕಚ್ಚಿ ಎಳೆಯುವ ಅಭ್ಯಾಸದ್ದಾದರೆ 1200 ಡೆನಿಯರ್ ಕೊಳ್ಳಿ. ಒಂಟಿಯಾಗಿ ಸಾಧುವಾಗಿ ನಿಲ್ಲುವುದಕ್ಕೆ 600 ಸಾಕು.

ನನ್ನ ಲೆಕ್ಕ ಇಷ್ಟು. ಕತ್ತರಿಸದ ಕುದುರೆಗೆ ಇಡೀ ದಿನ ಮಳೆ ಗಾಳಿ ಇದ್ದರೆ 0 ಗ್ರಾಂ, ಇಲ್ಲವಾದರೆ ಏನೂ ಇಲ್ಲ. ಪೂರ್ತಿ ಕತ್ತರಿಸಿದ್ದಕ್ಕೆ 10 ಡಿಗ್ರಿಯಲ್ಲಿ 100, 5ರ ಕೆಳಗೆ 200, ಸೊನ್ನೆಯ ಕೆಳಗೆ 300. ಇದು ಶಾಸನ ಅಲ್ಲ. ಒಂದೇ ಯಾರ್ಡಿನಲ್ಲಿ ಒಂದೇ ವಯಸ್ಸಿನ ಎರಡು ಕುದುರೆಗಳಿಗೆ ಬೇರೆ ಬೇರೆ ರಗ್ ಬೇಕಾಗುತ್ತದೆ. ನಮ್ಮ ಮನೆಯಲ್ಲೇ ಒಬ್ಬರಿಗೆ ಫ್ಯಾನು ಬೇಕು, ಇನ್ನೊಬ್ಬರಿಗೆ ರಜಾಯಿ ಬೇಕು, ಅಲ್ವಾ?

ಅಳತೆ ಸರಿ ಇಲ್ಲದಿದ್ದರೆ ಹೆಗಲಿನ ಮುಂದೆ ಕೂದಲು ಸವೆದು ಬೋಳಾಗುತ್ತದೆ. ಕತ್ತು ಮುಗಿದು ಬೆನ್ನು ಶುರುವಾಗುವ ಉಬ್ಬಿನ ಮೇಲೆ ಭಾರ ಕೂತರೆ ಹುಣ್ಣಾಗುತ್ತದೆ. ಎದೆಯ ಬಕಲ್ ಹಾಕಿದ ಮೇಲೂ ಒಳಗೆ ಅಂಗೈ ಆರಾಮಾಗಿ ಓಡಾಡಬೇಕು.

ರಗ್ಗಿನೊಳಗೆ ಚಳಿಯಾಗಿದೆಯೋ ಸೆಕೆಯಾಗಿದೆಯೋ ಹೇಗೆ ತಿಳಿಯುವುದು?

ಕೈ ಹಾಕಿ ನೋಡಿ. ಬೇರೆ ದಾರಿ ಇಲ್ಲ. ರಗ್ಗಿನ ಮುಂದಿನಿಂದ ಹೆಗಲಿನ ಹಿಂದಕ್ಕೆ, ಆಮೇಲೆ ಮುಂಗಾಲಿನ ಮೊಣಕೈ ಸಂದಿಗೆ. ಒಣಗಿದ್ದು ಉಗುರುಬೆಚ್ಚಗಿದ್ದರೆ ಸರಿ. ಕೈ ಬಿಸಿಯಾಗಿ ಪಸೆ ಹತ್ತಿದರೆ ಜಾಸ್ತಿಯಾಯಿತು. ಕಿವಿಯ ತುದಿ ಮುಟ್ಟಿ 'ತಣ್ಣಗಿದೆ' ಅನ್ನಬೇಡಿ. ತುದಿ ಯಾವಾಗಲೂ ತಣ್ಣಗೇ. ಕಿವಿಯ ಬುಡ ತಣ್ಣಗಿದ್ದು, ಬಾಲ ಒತ್ತಿಕೊಂಡು, ಗಾಳಿಗೆ ಬೆನ್ನು ಮಾಡಿ, ತಲೆ ತಗ್ಗಿಸಿ ನಿಂತಿದ್ದರೆ ಚಳಿಯಾಗಿದೆ. ನಡುಗುತ್ತಿದ್ದರೆ ಯೋಚನೆ ಮಾಡುತ್ತಾ ನಿಲ್ಲಬೇಡಿ. ಒಳಗೆ ತನ್ನಿ, ಒರೆಸಿ, ಹುಲ್ಲು ಹಾಕಿ.

ಬೆಲ್ಲವನ್ನು ಕೊಂಡ ಮೊದಲ ಅಕ್ಟೋಬರ್. ಸಂಜೆ ನನಗೆ ಹಲ್ಲು ಕಟಕಟ. ಅದಕ್ಕೂ ಹಾಗೇ ಇರಬೇಕು ಅಂತ 300 ಗ್ರಾಮಿನದು ಹೊದಿಸಿ ಮನೆಗೆ ಹೋದೆ. ರಾತ್ರಿ ಮೋಡ ಮುಚ್ಚಿಕೊಂಡು 11 ಡಿಗ್ರಿ. ಬೆಳಿಗ್ಗೆ ರಗ್ ತೆಗೆದಾಗ ಹಬೆ ಎದ್ದಿತು, ಇಡ್ಲಿ ಪಾತ್ರೆ ಮುಚ್ಚಳ ತೆಗೆದ ಹಾಗೆ. ಕೂದಲೆಲ್ಲ ಅಂಟಿಕೊಂಡಿತ್ತು. ಅಂದರೆ ರಾತ್ರಿಯಿಡೀ ಬೆವರಿದೆ, ಬೆಳಗಿನ ಜಾವ ಆ ಬೆವರೇ ತಣ್ಣಗಾಗಿದೆ. ನಮಗೆ ಸೆಕೆಯಾದರೆ ಹೊದಿಕೆ ಒದೆಯುತ್ತೇವೆ. ಅದಕ್ಕೆ ಬಕಲ್ ಬಿಚ್ಚಲು ಬರುವುದಿಲ್ಲ. ಆ ದಿನದಿಂದ ನನ್ನ ಚಳಿಯನ್ನು ಅದರ ಮೈಮೇಲೆ ಹಾಕುವುದು ಬಿಟ್ಟೆ.

ಬಿಚ್ಚಲು ಬರುವುದಿಲ್ಲ ನಿಜ, ಕೇಳಲು ಬರುತ್ತದೆ. ನಾರ್ವೆಯಲ್ಲಿ ಸಂಶೋಧಕರು 23 ಕುದುರೆಗಳಿಗೆ ಮೂರು ಹಲಗೆ ತೋರಿಸಿ ಕಲಿಸಿದರು. ಅಡ್ಡ ಗೆರೆ ಎಂದರೆ ರಗ್ ಹಾಕು, ನಿಂತ ಗೆರೆ ಎಂದರೆ ತೆಗೆ, ಖಾಲಿ ಹಲಗೆ ಎಂದರೆ ಇದ್ದ ಹಾಗೇ ಇರಲಿ. ಎರಡು ವಾರದಲ್ಲಿ ಎಲ್ಲವೂ ಕಲಿತವು. ಬಿಸಿಲಿನ ದಿನ ತೆಗೆ ಅಂತ ಮೂತಿ ತಾಗಿಸಿದವು, ಮಳೆ ಗಾಳಿಯ ದಿನ ಹಾಕು ಅಂತ. 2016ರಲ್ಲಿ ಇದು ಪ್ರಕಟವಾಯಿತು. ಓದಿದ ಮೇಲೆ ನಾನೂ ರಟ್ಟಿನಲ್ಲಿ ಹಲಗೆ ಮಾಡಿಕೊಂಡು ಹೋಗಿದ್ದೆ. ಬೆಲ್ಲ ಮೂರನ್ನೂ ತಿಂದಿತು.

ಚಳಿಗಾಲದಲ್ಲೇ ಕೂದಲು ಕತ್ತರಿಸುವುದು ವಿಚಿತ್ರ ಅಲ್ವಾ?

ಕೇಳಲು ವಿಚಿತ್ರವೇ. ಊರಿಗೆ ಫೋನು ಮಾಡಿ ಹೇಳಿದಾಗ ನಮ್ಮಮ್ಮ 'ನಿನಗೇನು ತಲೆ ಕೆಟ್ಟಿದೆಯಾ' ಅಂದಿದ್ದರು. ಆದರೆ ದಪ್ಪ ಕೂದಲು ಹೊತ್ತು ಕೆಲಸ ಮಾಡುವ ಕುದುರೆ ಹತ್ತು ನಿಮಿಷಕ್ಕೆ ಬೆವರುತ್ತದೆ. ಆ ಬೆವರು ಬುಡದಲ್ಲಿ ಕೂತು ಎರಡು ಗಂಟೆಯಾದರೂ ಒಣಗುವುದಿಲ್ಲ. ನೀವು ಕೆಲಸ ಮುಗಿಸಿ ಸಂಜೆ 6ಕ್ಕೆ ಸವಾರಿ ಮಾಡಿ 8ಕ್ಕೆ ಮನೆಗೆ ಹೋಗುವವರು. ಒದ್ದೆ ಕುದುರೆಯನ್ನು ರಾತ್ರಿ 3 ಡಿಗ್ರಿಗೆ ಬಿಟ್ಟು ಹೋಗುವುದಕ್ಕಿಂತ ಬೆವರುವ ಜಾಗದ ಕೂದಲು ತೆಗೆದು, ಒಣಗಿದ ಮೈಗೆ ರಗ್ ಹಾಕುವುದು ಮೇಲು.

ವಾರಕ್ಕೆ ಎರಡು ಸಲ ನಡಿಗೆ, ಸ್ವಲ್ಪ ಟ್ರಾಟ್ (ನಿಧಾನದ ಓಟ) ಅಷ್ಟೇ ಮಾಡುವುದಾದರೆ ಕತ್ತರಿಸಬೇಡಿ. ಪಕ್ಕದವರು ಮಾಡಿಸಿದರು ಅಂತ ಮಾಡಿಸಬೇಡಿ. ಒಮ್ಮೆ ಕತ್ತರಿಸಿದಿರೋ, ವಸಂತದವರೆಗೆ ಬೆಳಿಗ್ಗೆ ಸಂಜೆ ರಗ್ ಬದಲಾಯಿಸುವ ಕೆಲಸ ನಿಮ್ಮ ತಲೆಗೆ.

ಎಷ್ಟು ಕತ್ತರಿಸಬೇಕು?

ಎಷ್ಟು ಬೆವರುತ್ತದೋ ಅಷ್ಟು. ಕುದುರೆ ಮೊದಲು ಬೆವರುವುದು ಕತ್ತಿನ ಕೆಳಗೆ, ಎದೆಯಲ್ಲಿ, ಹೊಟ್ಟೆಯ ಕೆಳಗೆ, ತೊಡೆ ಸಂದಿಯಲ್ಲಿ. ಕತ್ತಿನ ಕೆಳಭಾಗ, ಎದೆ ಮಾತ್ರ ತೆಗೆದರೆ ಬಿಬ್ ಕ್ಲಿಪ್. ಹಗುರ ಕೆಲಸಕ್ಕೆ ಇಷ್ಟು ಸಾಕು. ಅದನ್ನೇ ಹೊಟ್ಟೆಯ ಕೆಳಗಿನಿಂದ ಹಿಂದಿನ ತೊಡೆಯವರೆಗೆ ಒಂದು ಪಟ್ಟಿಯಾಗಿ ಮುಂದುವರಿಸಿದರೆ ಟ್ರೇಸ್ ಕ್ಲಿಪ್. ಗಾಡಿ ಎಳೆಯುವ ಕುದುರೆಯ ಎರಡೂ ಪಕ್ಕ ಬರುವ ಪಟ್ಟಿಗೆ ಟ್ರೇಸ್ ಎನ್ನುತ್ತಾರೆ, ಆ ಗೆರೆಯ ಕೆಳಗಿನ ಕೂದಲು ತೆಗೆಯುವುದರಿಂದ ಈ ಹೆಸರು. ನಮ್ಮ ಜಟಕಾ ಕುದುರೆಯನ್ನು ಕಣ್ಣ ಮುಂದೆ ತಂದುಕೊಂಡರೆ ಗೆರೆ ಎಲ್ಲಿ ಬರುತ್ತದೆ ಅಂತ ಗೊತ್ತಾಗುತ್ತದೆ. ಬೆಲ್ಲಕ್ಕೆ ನಾನು ಮಾಡಿಸುವುದು ಇದೇ. ವಾರಕ್ಕೆ ನಾಲ್ಕು ದಿನ ಕೆಲಸ, ಹಗಲು ಬಯಲಲ್ಲಿ, ರಾತ್ರಿ ಲಾಯದಲ್ಲಿ. ಬೆನ್ನು, ಸೊಂಟದ ಕೂದಲು ಹಾಗೇ ಉಳಿದಿರುತ್ತದೆ.

ಬೆನ್ನ ಮೇಲೆ ಕಂಬಳಿ ಹೊದಿಸಿದಷ್ಟು ಜಾಗ ಬಿಟ್ಟು ಕತ್ತು ಪೂರ್ತಿ ತೆಗೆಯುವುದು ಬ್ಲ್ಯಾಂಕೆಟ್ ಕ್ಲಿಪ್. ಕಾಲು ಮತ್ತು ಜೀನಿನ ಜಾಗ ಬಿಟ್ಟು ಮಿಕ್ಕಿದ್ದೆಲ್ಲ ತೆಗೆಯುವುದು ಹಂಟರ್ ಕ್ಲಿಪ್. ಅದು ವಾರಕ್ಕೆ ಐದಾರು ದಿನ ಗಟ್ಟಿ ಕೆಲಸ ಮಾಡುವ ಕುದುರೆಗಳಿಗೆ. ಕಾಲಿನ ಕೂದಲು ಕೆಸರು, ಮುಳ್ಳು, ಚಳಿಗೆ ಕವಚ. ಅದನ್ನು ಬಿಡುವುದೇ ಒಳ್ಳೆಯದು.

ಅನುಮಾನ ಇದ್ದರೆ ಕಡಿಮೆ ಕತ್ತರಿಸಿ. ಆಮೇಲೆ ಇನ್ನಷ್ಟು ತೆಗೆಯಬಹುದು, ತೆಗೆದದ್ದನ್ನು ಅಂಟಿಸಲು ಆಗುವುದಿಲ್ಲ.

ನಾನೇ ಕ್ಲಿಪ್ ಮಾಡಬಹುದಾ? ಹೇಗೆ?

ಮಾಡಬಹುದು. ಮೊದಲ ಸಲ ಗೊತ್ತಿರುವವರು ಪಕ್ಕದಲ್ಲಿರಲಿ. ಅಕ್ಟೋಬರಿನಲ್ಲಿ ಕೂದಲು ಪೂರ್ತಿ ಬಂದ ಮೇಲೆ ಒಮ್ಮೆ, ಡಿಸೆಂಬರ್ ಹೊತ್ತಿಗೆ ಇನ್ನೊಮ್ಮೆ. ಜನವರಿ ಕೊನೆಯ ನಂತರ ಬೇಸಿಗೆ ಕೂದಲು ಹೊರಡುವುದರಿಂದ ಹೆಚ್ಚಿನವರು ಅಲ್ಲಿಗೆ ನಿಲ್ಲಿಸುತ್ತಾರೆ.

ಕುದುರೆ ಚೊಕ್ಕಟವಾಗಿ, ಒಣಗಿರಬೇಕು. ಕೆಸರಿನ ಒಂದು ಕಣ ಸಿಕ್ಕಿದರೂ ಬ್ಲೇಡು ಮೊಂಡಾಗುತ್ತದೆ, ಮೊಂಡು ಬ್ಲೇಡು ಕತ್ತರಿಸುವುದಿಲ್ಲ, ಎಳೆಯುತ್ತದೆ. ಎಳೆದ ನೋವು ಕುದುರೆ ಮುಂದಿನ ವರ್ಷದವರೆಗೂ ಮರೆಯುವುದಿಲ್ಲ. ಗೆರೆಯನ್ನು ಮೊದಲು ಸೀಮೆಸುಣ್ಣದಲ್ಲಿ ಬರೆದುಕೊಳ್ಳಿ. ಎರಡು ಪಕ್ಕ ಒಂದೇ ಎತ್ತರದಲ್ಲಿ ಇದೆಯಾ ಅಂತ ಹಿಂದೆ ಮುಂದೆ ನಿಂತು ನೋಡಿ. ನನ್ನ ಮೊದಲ ಕ್ಲಿಪ್ಪಿನಲ್ಲಿ ಬಲಗಡೆ ಗೆರೆ ನಾಲ್ಕು ಬೆರಳು ಮೇಲಿತ್ತು. ಇಡೀ ಚಳಿಗಾಲ ಬೆಲ್ಲ ಲುಂಗಿ ವಾರೆಯಾಗಿ ಉಟ್ಟವರ ಹಾಗೆ ಓಡಾಡಿತು.

ವಿದ್ಯುತ್ತಿಗೆ ಸರ್ಕ್ಯೂಟ್ ಬ್ರೇಕರ್ ಕಡ್ಡಾಯ, ನಿಮ್ಮ ಕಾಲಿಗೆ ರಬ್ಬರ್ ಅಟ್ಟೆಯ ಬೂಟು. ಮೊದಲು ಕೂದಲು ಕತ್ತರಿಸುವ ಮಿಷನ್ನು (ಕ್ಲಿಪ್ಪರ್) ದೂರದಲ್ಲಿ ಆನ್ ಮಾಡಿ ಸದ್ದು ಕೇಳಿಸಿ. ಆಮೇಲೆ ಹೆಗಲ ಮೇಲೆ ನಿಮ್ಮ ಕೈ ಇಟ್ಟು ಕೈಯ ಮೇಲೆ ಮಿಷನ್ನು ಇಡಿ. ಅದುರುವುದು ನಿಮ್ಮ ಕೈ ಮೂಲಕ ಅದಕ್ಕೆ ತಿಳಿಯುತ್ತದೆ. ಶುರು ಮಾಡುವುದು ಹೆಗಲಿನಿಂದ, ಕೂದಲು ಮಲಗಿದ ದಿಕ್ಕಿಗೆ ಎದುರಾಗಿ, ಉದ್ದುದ್ದ ಎಳೆತ. ಒಂದು ಎಳೆತ ಇನ್ನೊಂದರ ಮೇಲೆ ಸ್ವಲ್ಪ ಹತ್ತಬೇಕು. ಮೊಣಕೈ ಹಿಂದೆ ಚರ್ಮ ಮಡಚಿರುತ್ತದೆ. ಯಾರಾದರೂ ಮುಂಗಾಲು ಮುಂದಕ್ಕೆ ಎಳೆದು ಹಿಡಿದರೆ ಅದು ಬಿಗಿಯಾಗುತ್ತದೆ, ಇಲ್ಲದಿದ್ದರೆ ಗಾಯ ಖಂಡಿತ.

ಹತ್ತು ನಿಮಿಷಕ್ಕೊಮ್ಮೆ ಬ್ಲೇಡನ್ನು ನಿಮ್ಮ ಮೊಣಕೈ ಒಳಗೆ ತಾಗಿಸಿ ನೋಡಿ. ಸುಟ್ಟ ಹಾಗಾದರೆ ನಿಲ್ಲಿಸಿ, ಎಣ್ಣೆ ಬಿಡಿ, ಟೀ ಕುಡಿದು ಬನ್ನಿ. ಗೆರೆ ಗೆರೆ ಉಳಿದರೆ ತಲೆ ಕೆಡಿಸಿಕೊಳ್ಳಬೇಡಿ, ಎರಡು ವಾರದಲ್ಲಿ ಮಾಸುತ್ತದೆ. ತೀರಾ ಹೆದರುವ ಕುದುರೆಗೆ ಪಶುವೈದ್ಯರಿಂದ ಮಂಪರಿನ ಮದ್ದು ಕೊಡಿಸಬಹುದು. ಮಂಪರಿನಲ್ಲಿದ್ದದ್ದೂ ಒದೆಯುತ್ತದೆ, ಅದೂ ಮುನ್ಸೂಚನೆ ಇಲ್ಲದೆ. ನಿಲ್ಲುವ ಜಾಗ ನೋಡಿಕೊಳ್ಳಿ.

ಮೂತಿಯ ಮೀಸೆ, ಕಿವಿಯೊಳಗಿನ ಕೂದಲು?

ಬಿಡಿ. ಕಣ್ಣಿನ ಮತ್ತು ಮೂತಿಯ ಸುತ್ತ ಇರುವ ಉದ್ದ ಮೀಸೆಗಳು ಅದರ ಬೆರಳುಗಳಿದ್ದ ಹಾಗೆ. ಮೂತಿಯ ಕೆಳಗೆ ಏನಿದೆ ಅಂತ ಕುದುರೆಗೆ ಕಾಣುವುದಿಲ್ಲ, ಮೀಸೆ ತಾಗಿಸಿಯೇ ತಿಳಿಯಬೇಕು. ಅಂತರರಾಷ್ಟ್ರೀಯ ಕುದುರೆ ಸವಾರಿ ಒಕ್ಕೂಟ ಎಫ್‌ಇಐ 2021ರ ಜುಲೈ 1ರಿಂದ ಮೀಸೆ ಕತ್ತರಿಸಿದ ಕುದುರೆಗಳನ್ನು ತನ್ನ ಸ್ಪರ್ಧೆಗಳಿಗೆ ಬಿಡುತ್ತಿಲ್ಲ. ಕಿವಿಯೊಳಗಿನ ಕೂದಲು ಧೂಳು, ಹುಳ, ಮಳೆ ತಡೆಯುತ್ತದೆ. ಹೊರಗೆ ಚಾಚಿದ್ದನ್ನು ಬೇಕಾದರೆ ಸಮ ಮಾಡಿ.

ಸವಾರಿ ಮುಗಿಯಿತು, ಕುದುರೆ ಬೆವರಿದೆ, ಹೊರಗೆ 3 ಡಿಗ್ರಿ. ಈಗೇನು?

ಕೆಲಸ ಸವಾರಿಯಲ್ಲೇ ಶುರುವಾಗಬೇಕು. ಕೊನೆಯ 10–15 ನಿಮಿಷ ಸುಮ್ನೆ ನಡೆಸಿ, ಲಗಾಮು ಸಡಿಲ ಬಿಟ್ಟು. ಸೊಂಟದ ಮೇಲೊಂದು ಉಣ್ಣೆ ಬಟ್ಟೆ ಹೊದಿಸಿಕೊಂಡೇ ನಡೆಸಬಹುದು. ಲಾಯಕ್ಕೆ ಬಂದು ಜೀನು ಇಳಿಸಿದ ಕೂಡಲೇ ಟವಲಿನಿಂದ, ಇಲ್ಲದಿದ್ದರೆ ಒಂದು ಹಿಡಿ ಒಣಹುಲ್ಲನ್ನು ತಿರುಚಿ, ಕೂದಲಿನ ಎದುರು ದಿಕ್ಕಿಗೆ ಉಜ್ಜಿ. ಮಲಗಿದ ಕೂದಲನ್ನು ಎಬ್ಬಿಸಿ ನಿಲ್ಲಿಸಿದರೆ ಗಾಳಿ ಒಳಗೆ ಹೋಗುತ್ತದೆ. ಜೀನಿನ ಕೆಳಗಿನ ಜಾಗ, ಪಟ್ಟಿ ಬಿಗಿದ ಜಾಗ, ಕಿವಿಯ ಹಿಂದೆ ಮರೆಯಬೇಡಿ.

ಆಮೇಲೆ ಕೂಲರ್ ರಗ್. ಉಣ್ಣೆ ಅಥವಾ ಫ್ಲೀಸ್, ನೀರನ್ನು ಒಳಗಿನಿಂದ ಹೊರಗೆ ಎಳೆಯುವಂಥದ್ದು. ಅರ್ಧ ಗಂಟೆಗೆ ಅದರ ಹೊರಮೈ ಮೇಲೆ ಮಂಜಿನ ಹನಿಗಳ ಹಾಗೆ ತೇವ ಕೂತಿರುತ್ತದೆ, ಒಳಗೆ ಮೈ ಒಣಗಿರುತ್ತದೆ. ಅದನ್ನು ತೆಗೆದು, ಕೈಯಾಡಿಸಿ ನೋಡಿ, ರಾತ್ರಿಯ ರಗ್ ಹಾಕಿ. ಒದ್ದೆ ಮೈಯ ಮೇಲೆ ನೇರ ದಪ್ಪ ರಗ್ ಹಾಕಿ ಮನೆಗೆ ಓಡುವುದು ಮಾತ್ರ ಬೇಡ.

ಕೂಲರ್ ಇಲ್ಲದಿದ್ದರೆ ಹಳೆಯ ಕಾಲದ ಉಪಾಯ ಒಂದಿದೆ. ನಮ್ಮ ಯಾರ್ಡಿನ ಅಜ್ಜ ಒಬ್ಬರು ತೋರಿಸಿಕೊಟ್ಟರು. ಬೆನ್ನ ಉದ್ದಕ್ಕೂ ಒಂದು ಗೇಣು ದಪ್ಪಕ್ಕೆ ಗೋಧಿ ಹುಲ್ಲು ಹರಡಿ, ಮೇಲೆ ಹಗುರವಾದ ರಗ್ಗನ್ನು ಒಳಮೈ ಹೊರಗಾಗಿ ಹೊದಿಸುವುದು. ಹುಲ್ಲಿನ ಸಂದಿಯಲ್ಲಿ ಗಾಳಿ ಆಡುತ್ತದೆ, ಹಬೆ ಹೊರಗೆ ಹೋಗುತ್ತದೆ, ಮೈ ಬೆಚ್ಚಗೇ ಇರುತ್ತದೆ. ನಡೆದಾಡುವ ಗುಡಿಸಲಿನ ಹಾಗೆ ಕಾಣುತ್ತದೆ. ಆದರೆ ಕೆಲಸ ಮಾಡುತ್ತದೆ.

ಸ್ನಾನ ಮಾಡಿಸಬಹುದಾ?

10 ಡಿಗ್ರಿಯ ಕೆಳಗೆ ಬೇಡ. ಶಾಂಪೂ ಹಾಕಿದರೆ ಕೂದಲಿನ ಜಿಡ್ಡು ಹೋಗುತ್ತದೆ, ಮಳೆ ತಡೆಯುವುದೇ ಆ ಜಿಡ್ಡು. ಕ್ಲಿಪ್ ಮಾಡುವ ಮುಂಚೆ ಚೊಕ್ಕಟ ಮಾಡಬೇಕೆಂದರೆ ಬಿಸಿನೀರಿನಲ್ಲಿ ಬಟ್ಟೆ ಅದ್ದಿ, ಬಿಗಿಯಾಗಿ ಹಿಂಡಿ, ಒಂದೊಂದೇ ಜಾಗ ಒರೆಸಿ, ಒರೆಸಿದ ಭಾಗಕ್ಕೆ ಕೂಡಲೇ ಟವಲು ಮುಚ್ಚಿ. ಬಟ್ಟೆ ಮೂರು ಸಲ ಅದ್ದುವಷ್ಟರಲ್ಲಿ ನೀರು ಕಾಫಿ ಬಣ್ಣಕ್ಕೆ ತಿರುಗಿರುತ್ತದೆ.

ದಿನಾ ಬ್ರಷ್ ಮಾಡಬೇಕಾ? ಕೆಸರು ಹೇಗೆ ತೆಗೆಯುವುದು?

ರಗ್ ಇಲ್ಲದೆ ಬಯಲಲ್ಲಿ ಇರುವ ಕುದುರೆಗೆ ಜಾಸ್ತಿ ಉಜ್ಜಬೇಡಿ. ಜೀನು ಕೂರುವ ಜಾಗ, ಕಡಿವಾಣದ ಪಟ್ಟಿ ತಾಗುವ ಜಾಗ ಚೊಕ್ಕಟವಾದರೆ ಸಾಕು. ಅಲ್ಲಿ ಕೆಸರು ಉಳಿದರೆ ಚರ್ಮ ಉಜ್ಜಿ ಹುಣ್ಣಾಗುತ್ತದೆ. ರಗ್ ಹಾಕುವ ಕುದುರೆಗೆ ಮಾತ್ರ ದಿನಾ ರಗ್ ತೆಗೆದು ಇಡೀ ಮೈ ಬ್ರಷ್ ಮಾಡಲೇಬೇಕು.

ಹಸಿ ಕೆಸರು ಉಜ್ಜಬೇಡಿ, ಬುಡಕ್ಕೆ ಇಳಿಯುತ್ತದೆ. ಒಣಗಲಿ. ಆಮೇಲೆ 'ಕರಿ ಕೋಂಬ್' ಎನ್ನುವ ರಬ್ಬರ್ ಹಲ್ಲಿನ ಬ್ರಷ್ಷಿನಿಂದ ಗುಂಡಗೆ ತಿರುಗಿಸಿದರೆ ಪುಡಿಪುಡಿಯಾಗಿ ಉದುರುತ್ತದೆ.

ಹುರುಳಿ ಬೇಯಿಸಿ ಹಾಕಿದರೆ ಮೈ ಬಿಸಿಯಾಗುತ್ತಂತೆ, ನಿಜವಾ?

ಊರಿನಿಂದ ಬಂದವರೆಲ್ಲ ಇದನ್ನು ಕೇಳುತ್ತಾರೆ. ಹುರುಳಿ ಕುದುರೆಗೆ ಹಳೆಯ ನೆಂಟ, ಸರಿ. ಆದರೆ ಚಳಿಗೆ ಮದ್ದು ಕಾಳಲ್ಲ, ಒಣಹುಲ್ಲು. ಚಳಿಗಾಲದ ಬೆಳಿಗ್ಗೆ ಹಿತ್ತಲ ತಿಪ್ಪೆ ಕೆದಕಿದರೆ ಹಬೆ ಬರುತ್ತದಲ್ಲ? ಕುದುರೆಯ ದೊಡ್ಡ ಕರುಳಿನಲ್ಲಿ ನಡೆಯುವುದೂ ಅದೇ. ನಾರನ್ನು ಸೂಕ್ಷ್ಮಜೀವಿಗಳು ಹುಳಿಯಿಸುತ್ತಾ ಇದ್ದಷ್ಟು ಹೊತ್ತೂ ಒಳಗೆ ಬಿಸಿ ಹುಟ್ಟುತ್ತಿರುತ್ತದೆ. ಕಾಳು ಇಷ್ಟು ಬಿಸಿ ಕೊಡುವುದಿಲ್ಲ. ಇದ್ದಕ್ಕಿದ್ದಂತೆ ಜಾಸ್ತಿ ಹಾಕಿದರೆ ಹೊಟ್ಟೆನೋವೂ ಬರುತ್ತದೆ. 500 ಕೆಜಿ ಕುದುರೆಗೆ ದಿನಕ್ಕೆ ಹೆಚ್ಚುಕಡಿಮೆ 8ರಿಂದ 10 ಕೆಜಿ ಹುಲ್ಲು. ತೀರಾ ಚಳಿಯ ರಾತ್ರಿ ಇನ್ನೂ ಒಂದೆರಡು ಕೆಜಿ ಸೇರಿಸಿ. ಇನ್ನೊಂದು ರಗ್ ಕೊಳ್ಳುವ ದುಡ್ಡಿಗೆ ಎಷ್ಟು ಹುಲ್ಲು ಬರುತ್ತದೆ ಲೆಕ್ಕ ಹಾಕಿ ನೋಡಿ.

ನೀರನ್ನೂ ಮರೆಯಬೇಡಿ. ಐಸಿನಂಥ ನೀರನ್ನು ಕುದುರೆ ಕಡಿಮೆ ಕುಡಿಯುತ್ತದೆ. ಒಣಹುಲ್ಲು ತಿಂದು ನೀರು ಕುಡಿಯದಿದ್ದರೆ ಕರುಳಿನಲ್ಲಿ ಕಟ್ಟಿಕೊಳ್ಳುತ್ತದೆ. ಒಂದು ಕೆಟಲ್ ಬಿಸಿನೀರು ಬಕೆಟ್ಟಿಗೆ ಸುರಿದರೆ ಬೆಲ್ಲ ಅರ್ಧ ಬಕೆಟ್ ಒಂದೇ ಉಸಿರಿಗೆ ಎಳೆಯುತ್ತದೆ.

ದಪ್ಪ ಕೂದಲು ಸುಳ್ಳು ಹೇಳುತ್ತದೆ ಎನ್ನುವುದೂ ಇಲ್ಲೇ ಹೇಳಬೇಕು. ದೂರದಿಂದ ಗುಂಡಗೆ ಕಾಣುವ ಕುದುರೆ ಒಳಗೆ ಸೊರಗಿರಬಹುದು. ವಾರಕ್ಕೊಮ್ಮೆ ರಗ್ ತೆಗೆದು ಪಕ್ಕೆಲುಬಿನ ಮೇಲೆ ಬೆರಳು ಒತ್ತಿ ಎಳೆಯಿರಿ. ಸ್ವಲ್ಪ ಒತ್ತಿದಾಗ ಎಲುಬು ಸಿಗಬೇಕು. ಒತ್ತದೆಯೇ ಎಣಿಸಲು ಬಂದರೆ ಮೇವು ಸಾಲದು.

ಕೂದಲಿನ ಕೆಳಗೆ ಹಕ್ಕಳೆ, ಅಲ್ಲಲ್ಲಿ ಬೋಳು. ಏನಿದು?

ಬೆನ್ನ ಮೇಲೆ ಕೂದಲು ಕುಂಚದ ಹಾಗೆ ಗುಂಪುಗುಂಪಾಗಿ ಹಕ್ಕಳೆಯ ಜೊತೆಗೇ ಕಿತ್ತು ಬಂದರೆ ಅದು ರೇನ್ ಸ್ಕಾಲ್ಡ್. ಬಹಳ ಹೊತ್ತು ನೆನೆದ ಚರ್ಮಕ್ಕೆ ಒಂದು ಬ್ಯಾಕ್ಟೀರಿಯಾ ಹತ್ತಿ ಬರುತ್ತದೆ. ಅದೇ ಬ್ಯಾಕ್ಟೀರಿಯಾ ಗೊರಸಿನ ಮೇಲಿನ ಮಡಿಕೆಯಲ್ಲಿ ಹತ್ತಿದರೆ ಮಡ್ ಫೀವರ್. ಎರಡಕ್ಕೂ ಮೊದಲ ಔಷಧ ಒಣಗಿಸುವುದು. ಕುದುರೆ ಕಂಬಕ್ಕೆ ಮೈ ಉಜ್ಜುತ್ತಾ, ಕತ್ತಿನ ಕೂದಲ ಬುಡದಲ್ಲಿ ಬಿಳಿ ಪುಡಿ ಕಂಡರೆ ಹೇನು. ಚಳಿಗಾಲದ ಉದ್ದ ಕೂದಲು ಅವಕ್ಕೆ ಅರಮನೆ. ಗುಂಡಗೆ ಕೂದಲು ಉದುರಿ ಹೊಟ್ಟು ಎದ್ದರೆ ಹುಳುಕಡ್ಡಿ ಇರಬಹುದು, ಅದು ನಿಮಗೂ ಹತ್ತುತ್ತದೆ. ಒಬ್ಬರ ಬ್ರಷ್ಷು, ರಗ್ಗು, ಕ್ಲಿಪ್ಪರ್ ಬ್ಲೇಡು ಇನ್ನೊಬ್ಬರಿಗೆ ಕೊಡಬೇಡಿ. ಈ ವಿಷಯದಲ್ಲಿ ಜಿಪುಣರಾಗಿರುವುದೇ ಒಳ್ಳೆಯತನ. ಹರಡುತ್ತಿದ್ದರೆ, ಕಾಲು ಊದಿದ್ದರೆ ಪಶುವೈದ್ಯರನ್ನು ಕರೆಸಿ.

ಬೆಂಗಳೂರು, ಮೈಸೂರಿನ ಡಿಸೆಂಬರಿಗೆ ರಗ್ ಬೇಕಾ?

ರಾತ್ರಿ 15–16 ಡಿಗ್ರಿ, ಹಗಲು 27. ಕುದುರೆಗೆ ಅದು ಚಳಿಯೇ ಅಲ್ಲ. ತೀರಾ ಮುದಿ ಅಥವಾ ಕಾಯಿಲೆಯ ಕುದುರೆ ಬಿಟ್ಟರೆ ಯಾರಿಗೂ ಬೇಡ. ಬೆಳಗಿನ ಸವಾರಿ ಮುಗಿಸಿ ಬೆವರಿದ್ದನ್ನು ಗಾಳಿಗೆ ಕಟ್ಟಿ ಹಾಕದೆ, ಒಣಗುವ ತನಕ ನಡೆಸಿದರೆ ಆಯಿತು.

ಕೂದಲು ಯಾವಾಗ ಉದುರುತ್ತದೆ? ಮೇ ಬಂದರೂ ಉದುರದಿದ್ದರೆ?

ಜನವರಿ ಕೊನೆಗೆ ಬ್ರಷ್ಷಿನಲ್ಲಿ ಒಂದೆರಡು ಎಳೆ ಕಾಣಿಸುತ್ತದೆ. ಮಾರ್ಚಿಗೆ ಹಿಡಿ ಹಿಡಿ ಬರುತ್ತದೆ. ನಿಮ್ಮ ಕೋಟು, ಕಾರಿನ ಸೀಟು, ಬಾಯಿ, ಮಾಡಿ ಇಟ್ಟ ಚಪಾತಿ, ಎಲ್ಲದರಲ್ಲೂ ಕೂದಲು. ಯಾರ್ಡಿನ ಮೂಲೆಯಲ್ಲಿ ರಾಶಿ ಬಿಟ್ಟರೆ ಸಣ್ಣ ಹಕ್ಕಿಗಳು ಗೂಡಿಗೆ ಒಯ್ಯುತ್ತವೆ. ಹೇನಿನ ಮದ್ದು ಹಾಕಿದ್ದ ಕೂದಲಾದರೆ ಮಾತ್ರ ಹಾಗೆ ಬಿಡಬೇಡಿ, ಕಸಕ್ಕೆ ಹಾಕಿ.

ಮೇ ಬಂದರೂ ಉದ್ದ, ಗುಂಗುರು ಕೂದಲು ಹಾಗೇ ಇದ್ದು, ಕುದುರೆ ಜಾಸ್ತಿ ನೀರು ಕುಡಿಯುತ್ತಾ, ಬೆನ್ನಿನ ಮಾಂಸ ಇಳಿಯುತ್ತಾ ಇದ್ದರೆ ಕುಶಿಂಗ್ಸ್ ಇರಬಹುದು. ಪಿಟ್ಯುಟರಿ ಗ್ರಂಥಿಯ ಕಾಯಿಲೆ ಇದು, ಸಾಮಾನ್ಯವಾಗಿ 15 ವರ್ಷ ದಾಟಿದವಕ್ಕೆ ಬರುತ್ತದೆ. ರಕ್ತದಲ್ಲಿ ಎಸಿಟಿಎಚ್ ಎಂಬ ಹಾರ್ಮೋನು ಎಷ್ಟಿದೆ ನೋಡಿ ಪತ್ತೆ ಹಚ್ಚುತ್ತಾರೆ, ಪರ್ಗೊಲೈಡ್ ಮಾತ್ರೆಯಿಂದ ಹತೋಟಿಗೆ ಬರುತ್ತದೆ. ವಾಸಿಯಾಗುವುದಿಲ್ಲ, ದಿನಾ ಕೊಡಬೇಕು. ಶುರುವಿನಲ್ಲಿ ಇಡೀ ಮೈ ಕೂದಲು ಉಳಿಯಲೇಬೇಕೆಂದಿಲ್ಲ. ಗಲ್ಲದ ಕೆಳಗೆ, ಹೊಟ್ಟೆಯ ಕೆಳಗೆ, ಕಾಲುಗಳ ಹಿಂದೆ ಒಂದಷ್ಟು ಉದ್ದ ಎಳೆ ಉದುರದೆ ನಿಂತಿರುತ್ತವೆ, ಅಷ್ಟೇ.

ಬರುವ ಏಪ್ರಿಲಿಗೆ ಬೆಲ್ಲಕ್ಕೆ 15 ತುಂಬುತ್ತದೆ. ಹೋದ ಮೇ ತಿಂಗಳಿಂದ ನಾನೂ ಅದರ ಗಲ್ಲದ ಕೆಳಗೆ ಕೈಯಾಡಿಸಿ ನೋಡುವುದನ್ನು ಶುರು ಮಾಡಿದ್ದೇನೆ. ಅದು ಕಜ್ಜಿ ಕೆರೆಯುತ್ತಿದ್ದೇನೆ ಅಂದುಕೊಂಡು ಕತ್ತು ಚಾಚಿ, ಕಣ್ಣು ಮುಚ್ಚಿ, ಕೆಳದುಟಿ ಜೋತುಬಿಟ್ಟು ನಿಂತುಕೊಳ್ಳುತ್ತದೆ.